ಬರೀ ಗ್ಯಾಸಿಗೆ ಐದು ಗುಳಿಗೆ ಕೊಡುತ್ತಾರಾ?

ಗದಗದ ನಿಮ್ಮ ಅಪ್ಪ ಹುಬ್ಬಳ್ಳಿ ಆಸ್ಪತ್ರೆಯಿಂದ ಬಂದು "ಬರೀ ಗ್ಯಾಸ್" ಅನ್ನುತ್ತಿದ್ದಾರೆ. ಚೀಟಿಯಲ್ಲಿ ನೋಡಿದರೆ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಅಟೋರ್ವಾಸ್ಟಾಟಿನ್ 40, ಮೆಟೊಪ್ರೊಲೋಲ್, ಪ್ಯಾಂಟೊಪ್ರಜೋಲ್. ಬೇರೇನೋ ಕಾಯಿಲೆ ಇರಬಹುದಾ ಅಂತ ನೀವು ಕೇಳಿದ್ದೀರಿ; ನಿಮಗೆ ಅನುಮಾನ ಬಂದಿದ್ದು ಸರಿಯೇ ಇದೆ. ನಾನು ಡಾಕ್ಟರ್ ಅಲ್ಲ, ಧಾರವಾಡದಲ್ಲಿ ಔಷಧಿ ಅಂಗಡಿ ಇದೆ. ಇಂಥ ಚೀಟಿ ದಿನಾ ನೋಡುತ್ತೇನೆ.

ಗ್ಯಾಸಿಗೆ ಸಂಬಂಧಪಟ್ಟದ್ದು ಕೊನೆಯದೊಂದೇ. ಅದನ್ನೂ ಬಹುಶಃ ಮೊದಲಿನ ಎರಡರಿಂದ ಹೊಟ್ಟೆಯಲ್ಲಿ ಹುಣ್ಣಾಗದಿರಲಿ ಅಂತ ಕೊಟ್ಟಿರುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೋಡಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ (ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೆ, ಕೆಲವು ಸಲ ಲಕ್ವಾ ಹೊಡೆದವರಿಗೂ ಕೊಡುತ್ತಾರೆ. ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್, ಹೃದಯದ ಬಡಿತ ನಿಧಾನ ಮಾಡುವ ಮೆಟೊಪ್ರೊಲೋಲ್ ಇವೆ, ಹಾಗಾಗಿ ಹೃದಯದ ಕಡೆಗೇ ಅನುಮಾನ ಜಾಸ್ತಿ. ಅಪ್ಪಾರ ಅಂಗಿ ಜೇಬಿನಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಗುಳಿಗೆ ಇದೆಯಾ, ಸುಮ್ನೆ ಒಮ್ಮೆ ನೋಡಿ. ಇದ್ದರೆ ಬಹುಶಃ ಹೃದಯದ ಎದೆನೋವಿನ ವಿಷಯವೇ.

ಆದರೂ ಇದು ಊಹೆ. ಒಂದೇ ಗುಳಿಗೆಯನ್ನು ಬೇರೆ ಬೇರೆ ಕಾಯಿಲೆಗೂ ಕೊಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುತ್ತಿದೆ ಅಂತ ನಮ್ಮ ಅವ್ವನಿಗೆ ಅಮಿಟ್ರಿಪ್ಟಿಲಿನ್ 10 ಬರೆದುಕೊಟ್ಟಿದ್ದರು. ಸೋದರಮಾವನ ಮಗ ಮೊಬೈಲಿನಲ್ಲಿ ನೋಡಿ, ಖಿನ್ನತೆಯ ಗುಳಿಗೆ ಅಂತ ಬಳಗಕ್ಕೆಲ್ಲ ಸಾರಿಬಿಟ್ಟ!

ಡಿಸ್ಚಾರ್ಜ್ ಕಾರ್ಡಿನಲ್ಲಿ ಡಯಾಗ್ನೋಸಿಸ್ ಅಂತ ಒಂದು ಸಾಲು ಇರುತ್ತದೆ, ಅದನ್ನು ಓದಿ. ಅಪ್ಪಾರಿಗೆ ಗದರಬೇಡಿ, ಮುಂದಿನ ಸಲ ತೋರಿಸಲು ಹೋಗುವಾಗ ನೀವೂ ಹೋಗಿ. ಅಲ್ಲಿಯವರೆಗೆ "ಗ್ಯಾಸ್ ಕಡಿಮೆ ಆಯ್ತು" ಅಂತ ಗುಳಿಗೆ ಬಿಡದಂತೆ ನೋಡಿಕೊಳ್ಳಿ. ಒಂದು ವೇಳೆ ಸ್ಟೆಂಟ್ ಹಾಕಿದ್ದರೆ, ಆಸ್ಪಿರಿನ್-ಕ್ಲೋಪಿಡೋಗ್ರೆಲ್ ಜೋಡಿ ತಪ್ಪಿದಾಗ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು.