ಹೆಸರು ಬರೆಯುವುದೇ ನಾಯಕಿಯ ಕೆಲಸವೇ?

ಪ್ರಶ್ನೆ: ಎಂಟನೇ ತರಗತಿಯಲ್ಲಿರುವ ನನ್ನ ಮಗಳನ್ನು ಈ ವರ್ಷ ಕ್ಲಾಸ್ ಲೀಡರ್ ಮಾಡಿದ್ದಾರೆ. ಶಿಕ್ಷಕರು ಇಲ್ಲದಾಗ ಗಲಾಟೆ ಮಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದೇ ಅವಳ ಮುಖ್ಯ ಕೆಲಸ. ಇದರಿಂದ ಗೆಳತಿಯರು ಅವಳೊಂದಿಗೆ ಮಾತು ಬಿಟ್ಟಿದ್ದಾರೆ. ಈ ಜವಾಬ್ದಾರಿಯಿಂದ ಅವಳನ್ನು ಬಿಡಿಸಿಬಿಡಲೇ?
– ಒಬ್ಬ ತಾಯಿ

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ನಿಮ್ಮ ಮಗಳನ್ನು ನೋಯಿಸುತ್ತಿರುವುದು ನಾಯಕತ್ವದ ಹೆಸರಿನಲ್ಲಿ ಅವಳಿಗೆ ವಹಿಸಿರುವ ಕಾವಲು ಕೆಲಸ. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತ ಹುಡುಗಿ ತನ್ನದೇ ಬೆಂಚಿನ ಗೆಳತಿಯ ಹೆಸರು ಬರೆದರೆ ಸ್ನೇಹ ಕಳೆದುಕೊಳ್ಳುತ್ತಾಳೆ, ಬರೆಯದೆ ಬಿಟ್ಟರೆ ಪಕ್ಷಪಾತಿ ಎನ್ನಿಸಿಕೊಳ್ಳುತ್ತಾಳೆ. ಶಿಕ್ಷೆ ಕೊಡುವವರು ಶಿಕ್ಷಕರಾದರೂ ಮಕ್ಕಳ ಸಿಟ್ಟು ತಿರುಗುವುದು ಅವಳ ಮೇಲೆಯೇ. ಆ ವಯಸ್ಸಿನ ಮಗುವಿನ ಮೇಲೆ ಇಷ್ಟು ಭಾರ ಹೊರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇದರಿಂದ ಶಿಸ್ತಾದರೂ ಬರುತ್ತದೆಯೇ ಎಂದರೆ ಅದೂ ಅನುಮಾನ. 1930ರ ದಶಕದ ಕೊನೆಯಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು ಹತ್ತು ವರ್ಷದ ಆಸುಪಾಸಿನ ಹುಡುಗರ ಸಣ್ಣ ಗುಂಪುಗಳನ್ನು ಬೇರೆ ಬೇರೆ ರೀತಿಯ ಹಿರಿಯರ ಮುಂದಾಳತ್ವದಲ್ಲಿ ಇರಿಸಿ ಗಮನಿಸಿದರು. ಎಲ್ಲಕ್ಕೂ ಅಪ್ಪಣೆ ಕೊಡುವ ಮುಂದಾಳು ಹೊರಗೆ ಹೋದಾಗ ಹುಡುಗರ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತಿತ್ತು. ಎಲ್ಲರೊಂದಿಗೆ ಚರ್ಚಿಸಿ ತೀರ್ಮಾನಿಸುವ ಮುಂದಾಳಿನ ಗುಂಪಿನಲ್ಲಿ ಅವರಿಲ್ಲದಾಗಲೂ ಕೆಲಸ ಸಾಗುತ್ತಿತ್ತು. ಶಿಕ್ಷಕರು ಹೊರಗೆ ಹೋದ ತರಗತಿಯ ಸಮಸ್ಯೆಯೂ ಇದೇ ಅಲ್ಲವೇ?

ಆದ್ದರಿಂದ ಮಗಳನ್ನು ಜೊತೆಗೆ ಕರೆದುಕೊಂಡು ತರಗತಿಯ ಶಿಕ್ಷಕರನ್ನು ಭೇಟಿಯಾಗಿ, ದೂರಿನ ಧಾಟಿ ಬೇಡ, ಅವಳೇ ಮಾತನಾಡಲಿ. ಶಿಕ್ಷಕರಿಲ್ಲದ ಅವಧಿಯಲ್ಲಿ ಹೇಗಿರಬೇಕು ಎಂಬ ನಿಯಮಗಳನ್ನು ಇಡೀ ತರಗತಿಯೇ ಕೂತು ಮಾಡಿಕೊಳ್ಳಲಿ, ಹೆಸರು ಬರೆಯುವ ಪದ್ಧತಿಯನ್ನು ಕೈಬಿಡಲಿ ಎಂದು ಅವಳು ಕೇಳಬಹುದು. ಅದರ ಬದಲು, ಒಂದೇ ದಿನ ಎರಡು ಕಿರುಪರೀಕ್ಷೆಗಳು ಬಂದಾಗ ಮಕ್ಕಳ ಕಷ್ಟವನ್ನು ಶಿಕ್ಷಕರಿಗೆ ತಿಳಿಸುವುದು, ಕಾಯಿಲೆಯಿಂದ ರಜೆಯಲ್ಲಿದ್ದವರಿಗೆ ನೋಟ್ಸ್ ತಲುಪುವಂತೆ ನೋಡಿಕೊಳ್ಳುವುದು, ಹೊಸದಾಗಿ ಸೇರಿದ ಮಗು ಒಂಟಿಯಾಗದಂತೆ ಜೊತೆಗಿರುವುದು ಇಂಥ ಕೆಲಸಗಳನ್ನು ಅವಳಿಗೆ ವಹಿಸಿದರೆ, ದೂರವಾದ ಗೆಳತಿಯರು ಹತ್ತಿರ ಬರಲು ದಾರಿಯಾಗುತ್ತದೆ. ಒಂದೆರಡು ತಿಂಗಳಿಗೊಮ್ಮೆ ನಾಯಕರು ಬದಲಾಗುವ ವ್ಯವಸ್ಥೆಯಾದರೆ ಇನ್ನೂ ಒಳ್ಳೆಯದು. ಹಿಂದಿನ ಬೆಂಚಿನ ಸಂಕೋಚದ ಮಗುವಿಗೂ ಅವಕಾಶ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಮಾತ್ರ ಕಾಣಲಿಲ್ಲ: ಮಗಳಿಗೆ ಏನು ಬೇಕು? ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವುದು ಮಕ್ಕಳ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಶಿಕ್ಷಕರನ್ನು ಕಾಣುವ ಮೊದಲು ಅವಳನ್ನು ಕೇಳಿ. ಎಲ್ಲ ಪ್ರಯತ್ನದ ನಂತರವೂ ಅವಳೇ ಬೇಡವೆಂದರೆ, ಕಾರಣವನ್ನು ಅವಳ ಮಾತಿನಲ್ಲೇ ಬರೆದುಕೊಡಲಿ, ನೀವು ಕೆಳಗೆ ಸಹಿ ಹಾಕಿ.