ಮಾವನ ಋಣ ಬೇರೆ, ಮಾವನ ಮಗನ ಸಾಲ ಬೇರೆ

ಪ್ರಶ್ನೆ: ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೋದರು. ಅಮ್ಮನ ಅಣ್ಣ, ಅಂದರೆ ನನ್ನ ಮಾವ, ನಮ್ಮಿಬ್ಬರನ್ನೂ ತಿಪಟೂರಿನ ಕಡೆ ಇರುವ ತಮ್ಮ ಮನೆಗೆ ಕರೆದುಕೊಂಡು ಹೋಗಿ ಸಾಕಿದರು. ಕೊಬ್ಬರಿ ಮಾರಿ ಬಂದ ದುಡ್ಡನ್ನು ಹಾಗೇ ತಂದು ನನ್ನ ಎಂಜಿನಿಯರಿಂಗ್ ಫೀಸಿಗೆ ಕಟ್ಟಿದರು. ಈಗ ನನಗೆ 33 ವರ್ಷ, ಬೆಂಗಳೂರಿನಲ್ಲಿ ಕೆಲಸ, ಸಂಬಳ 85 ಸಾವಿರ. ಮಾವನ ಮಗ ಜೆಸಿಬಿ ಕೊಳ್ಳಲು ಬ್ಯಾಂಕಿನಲ್ಲಿ 28 ಲಕ್ಷ ಸಾಲ ಕೇಳಿದ್ದಾನೆ. ಹಿಂದೆ ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿಸಿದ್ದರಿಂದ ಜಾಮೀನು ಬೇಕಂತೆ. ಮಾವ ಫೋನ್ ಮಾಡಿ ‘ಒಂದು ಸಹಿ ಅಷ್ಟೇ ಕಣೋ’ ಅಂದರು. ಅಮ್ಮ ‘ಉಂಡ ಮನೆಗೆ ಎರಡು ಬಗೀತೀಯಾ’ ಅಂತಾಳೆ. ಹೆಂಡತಿ ಬೇಡವೇ ಬೇಡ ಅಂತಾಳೆ, ಯಾಕಂದರೆ ನಾವೇ ಮನೆ ಸಾಲಕ್ಕೆ ಓಡಾಡುತ್ತಿದ್ದೇವೆ. ಮಾವನ ಮಗ ಕೇಳಿದ ಅಂತ ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳದ ಚೀಟಿ ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟಿದ್ದೇನೆ. ಹೆಂಡತಿ ಒಪ್ಪಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಲಾ?

ಉತ್ತರ: ಸಹಿ ಹಾಕಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ನಿದ್ದೆಗೆಟ್ಟು ಕೂತವರನ್ನು ಕೊನೇ ಸಾಲಿನವರೆಗೆ ಕಾಯಿಸೋದು ಸರಿಯಲ್ಲ.

‘ಒಂದು ಸಹಿ ಅಷ್ಟೇ’ ಅನ್ನುವ ಮಾತು ಏನು ಮಾಡುತ್ತದೆ ಅಂತ ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಜೊತೆಗಿದ್ದ ಇನ್ನೊಬ್ಬ ಮೇಷ್ಟ್ರ ಸಾಲಕ್ಕೆ ಸೊಸೈಟಿಯಲ್ಲಿ ಜಾಮೀನು ಹಾಕಿದ್ದರು. ಆ ಮನುಷ್ಯ ಕಂತು ನಿಲ್ಲಿಸಿದರು. ಅಲ್ಲಿಂದ ಎಷ್ಟೋ ತಿಂಗಳು ಅಪ್ಪನ ಸಂಬಳದ ಚೀಟಿಯಲ್ಲಿ ಕಡಿತದ ಸಾಲು ಒಂದು ಜಾಸ್ತಿ. ಅಮ್ಮ ಆ ಚೀಟಿಯನ್ನು ಅಕ್ಕಿ ಡಬ್ಬದ ಮುಚ್ಚಳದ ಕೆಳಗೇ ಇಡುತ್ತಿದ್ದಳು, ಪಾವಿನಲ್ಲಿ ಅಳೆಯುವಾಗ ಕಣ್ಣಿಗೆ ಬೀಳಲಿ ಅಂತ. ಅಪ್ಪ ಮತ್ತು ಆ ಮೇಷ್ಟ್ರು ಒಂದೇ ಸ್ಟಾಫ್ ರೂಮಿನಲ್ಲಿ ಕೂತು, ಒಂದು ಮಾತೂ ಆಡದೆ ರಿಟೈರ್ ಆದರು.

ಜಾಮೀನುದಾರ ಅಂದರೆ ಸಾಕ್ಷಿ ಅಂದುಕೊಂಡವರೇ ಜಾಸ್ತಿ. ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ನೋಡಿ: ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲ ತಗೊಂಡವನಿಗೆ ಎಷ್ಟು ಹೊಣೆಯೋ ಜಾಮೀನು ಹಾಕಿದವನಿಗೂ ಅಷ್ಟೇ ಹೊಣೆ. ‘ಮೊದಲು ಅವನನ್ನ ಹಿಡೀರಿ, ಜೆಸಿಬಿ ಹರಾಜು ಹಾಕಿ, ಆಮೇಲೆ ನನ್ನ ಹತ್ರ ಬನ್ನಿ’ ಅಂತ ಬ್ಯಾಂಕಿಗೆ ಹೇಳೋಕೆ ಬರುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ಅನ್ನುವ ಹಳೇ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಯಾವತ್ತೋ ಹೇಳಿಬಿಟ್ಟಿದೆ. ಯಾವ ಊರಿನ ಯಾವ ಕೆರೆಯಲ್ಲಿ ಮಣ್ಣು ತೋಡುತ್ತಿದೆಯೋ ಗೊತ್ತಿಲ್ಲದ ಜೆಸಿಬಿಯನ್ನು ಹುಡುಕೋದಕ್ಕಿಂತ ತಿಂಗಳು ತಿಂಗಳು ಸಂಬಳ ಬೀಳುವ ನಿಮ್ಮ ಖಾತೆ ಹುಡುಕೋದು ಸುಲಭ, ಅಲ್ವಾ? ದುಡ್ಡು ಕಟ್ಟಿ ಅಂತ ನಿಮ್ಮ ಮೇಲೆ ಕೋರ್ಟ್ ಡಿಕ್ರಿ ಆದರೆ, ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಬಿಟ್ಟು ಉಳಿದದ್ದರ ಮೂರನೇ ಒಂದು ಭಾಗದವರೆಗೆ ಜಪ್ತಿ ಮಾಡಬಹುದು. ನಿಮ್ಮ ಲೆಕ್ಕಕ್ಕೆ ಅದು ತಿಂಗಳಿಗೆ ಸುಮಾರು 28 ಸಾವಿರ. ಕಟ್ಟಿದ್ದನ್ನು ಮಾವನ ಮಗನಿಂದ ವಸೂಲಿ ಮಾಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ, ಸುಳ್ಳಲ್ಲ. ಮಾವನ ಮನೆ ಬಾಗಿಲಿಗೆ ವಕೀಲರ ನೋಟಿಸ್ ಕಳಿಸುತ್ತೀರಾ? ಇನ್ನು ಈ ಜಾಮೀನು ನಿಮ್ಮ ಸಾಲದ ಜಾತಕ ಹೇಳುವ ಸಿಬಿಲ್ ರಿಪೋರ್ಟಿನಲ್ಲೂ ಬಂದು ಕೂರುತ್ತದೆ. ಮನೆ ಸಾಲ ಕೊಡುವವರು ಅದನ್ನು ನೋಡದೆ ಬಿಡುವುದಿಲ್ಲ.

ಹಾಗಾದರೆ ಮಾವನ ಋಣ?

ಅದು ಇದೆ. ಇಲ್ಲ ಅನ್ನೋಕೆ ನಾನು ಯಾರು. ಕಾನೂನಿನ ಪ್ರಕಾರ ನೀವು ಅವರಿಗೆ ಒಂದು ಪೈಸೆ ಕೊಡಬೇಕಿಲ್ಲ, ಅವರು ಪತ್ರ ಬರೆಸಿಕೊಂಡು ಸಾಕಿದವರಲ್ಲ. ವಯಸ್ಸಾದ ಮೇಲೆ ಅವರನ್ನು ನೋಡಿಕೊಳ್ಳುವ ಹೊಣೆಯನ್ನು 2007ರ ಹಿರಿಯ ನಾಗರಿಕರ ಕಾಯ್ದೆ ಹಾಕಿರುವುದೂ ಅವರ ಮಗನ ಮೇಲೆ, ಸೋದರಳಿಯನ ಮೇಲಲ್ಲ. ತಮಾಷೆ ನೋಡಿ, ಕಾನೂನಿನ ಹೊಣೆ ಇರುವವನು ಜೆಸಿಬಿ ನೋಡುತ್ತಾ ಓಡಾಡುತ್ತಿದ್ದಾನೆ, ಏನೂ ಹೊಣೆ ಇಲ್ಲದ ನೀವು ಒದ್ದಾಡುತ್ತಿದ್ದೀರಿ. ಆದರೆ ಆ ಒದ್ದಾಟ ನನಗೆ ಇಷ್ಟವಾಯಿತು. ಅದು ಹೋಗಬೇಕಾದ ದಾರಿ ಮಾತ್ರ ಬೇರೆ.

ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಅಮ್ಮನನ್ನು ಕೇಳಿ, ಹೇಳುತ್ತಾರೆ. ಇವತ್ತು ನಮ್ಮ ಹೊಲದ ಕಳೆಗೆ ನಿಮ್ಮ ಮನೆಯಿಂದ ನಾಲ್ಕು ಆಳು ಬಂದರೆ, ನಾಳೆ ನಿಮ್ಮ ಹೊಲಕ್ಕೆ ನಮ್ಮ ನಾಲ್ಕು ಆಳು. ಕೂಲಿ ಇಲ್ಲ, ಚೀಟಿ ಇಲ್ಲ, ಆದರೆ ಕೈ ಕೊಟ್ಟವನ ಹೊಲಕ್ಕೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ಅದರಲ್ಲೊಂದು ಕಟ್ಟು ಇತ್ತು. ಯಾರು ಬಂದಿದ್ದರೋ ಅವರ ಹೊಲಕ್ಕೇ ಹೋಗಬೇಕು. ಆಳಿಗೆ ಆಳು, ದಿನಕ್ಕೆ ದಿನ. ಕಳೆ ಕೀಳೋಕೆ ಬಂದಿದ್ದೆ, ಅದಕ್ಕೆ ನಿಮ್ಮ ಹೊಲ ಅಡ ಇಡಿ ಅಂತ ಯಾರೂ ಕೇಳುತ್ತಿರಲಿಲ್ಲ. ಮಾವ ನಿಮ್ಮನ್ನು ಸಾಕಿದರು. ಅದಕ್ಕೆ ನೀವು ಮಾವನನ್ನು ನೋಡಿಕೊಳ್ಳಬೇಕು. ಅವರ ಮಗನ ಬ್ಯಾಂಕಿಗೆ ನೀವು ಯಾವ ಮುಯ್ಯಿಯೂ ಬಾಕಿ ಇಟ್ಟಿಲ್ಲ.

ಪತ್ರದ ಕೊನೆಯಲ್ಲಿ, ಸುಮ್ನೆ ಮಾಹಿತಿಗೆ ಅನ್ನೋ ಹಾಗೆ, ‘2016ರಲ್ಲಿ ಅಮ್ಮ ತವರಿನ ತೋಟಕ್ಕೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಳು, ಏನೂ ತಗೊಳ್ಳಲಿಲ್ಲ’ ಅಂತ ಬರೆದಿದ್ದೀರಿ. ಆ ಸಾಲನ್ನು ನಾನು ಮೂರು ಸಲ ಓದಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ಆ ತೋಟ ಪಿತ್ರಾರ್ಜಿತವಾಗಿದ್ದು, ಅದಕ್ಕೂ ಮೊದಲೇ ಪಾಲಾಗಿರದಿದ್ದರೆ, ನಿಮ್ಮಮ್ಮ ಬಿಟ್ಟುಕೊಟ್ಟಿದ್ದು ಸಣ್ಣ ಗಂಟಲ್ಲ. ನಿಮ್ಮ ಫೀಸಿಗೆ ಹೋದ ಕೊಬ್ಬರಿಯಲ್ಲಿ ಅಮ್ಮನ ಮರದ ಕಾಯಿಯೂ ಇತ್ತು ಅನ್ನಿ. ದಯವಿಟ್ಟು ಇದನ್ನು ಮಾವನ ಮುಂದೆ ಎತ್ತಬೇಡಿ. ಅವರು ಅವತ್ತು ಲೆಕ್ಕ ಹಾಕಿ ನಿಮ್ಮನ್ನು ಕರೆದುಕೊಂಡು ಹೋದವರಲ್ಲ. ಇದು ನಿಮಗೆ ಮಾತ್ರ. ‘ನಾನು ಬಿಟ್ಟಿ ಕೂಳು ತಿಂದು ಬೆಳೆದವನು’ ಅಂತ ಎರಡು ಕಡೆ ಬರೆದಿದ್ದೀರಲ್ಲ, ಅದನ್ನು ಹೊಡೆದು ಹಾಕಿ.

ಈಗ ಮಾಡಬೇಕಾದ್ದು. ಮಾವನಿಗೆ ಎರಡು ವರ್ಷದಿಂದ ಮಂಡಿ ನೋವು, ಅಟ್ಟದ ಮೇಲಿನ ಕೊಬ್ಬರಿ ನೋಡೋಕೂ ಏಣಿ ಹತ್ತೋಕಾಗುತ್ತಿಲ್ಲ, ಆಪರೇಷನ್ ಅಂದರೆ ‘ಮುಂದಿನ ಬೆಳೆ ಬರಲಿ’ ಅಂತಾರೆ ಅಂದಿರಿ. ನಿಮ್ಮ ಮುಯ್ಯಿ ಅಲ್ಲಿದೆ. ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಸಿ, ಬೆಂಗಳೂರಿಗೆ ಕರೆತಂದು ಮನೆಯಲ್ಲಿಟ್ಟುಕೊಳ್ಳಿ, ರಜೆ ಹಾಕಿ ಜೊತೆಗಿರಿ. ಖರ್ಚಿನಲ್ಲಿ ನಿಮ್ಮ ಕೈಲಾದಷ್ಟು ನೀವು ಹಾಕಿ. ಮಾವನ ಮಗನಿಗೂ ಏನಾದರೂ ಮಾಡಲೇಬೇಕು ಅನ್ನಿಸಿದರೆ, ವಾಪಸ್ ಬರದಿದ್ದರೂ ಹೊಟ್ಟೆ ಉರಿಯದಷ್ಟು ಮೊತ್ತ ಕೊಟ್ಟು ಮರೆತುಬಿಡಿ. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ‘ನೀವು ಖರ್ಚು ಮಾಡಿದ್ದೆಲ್ಲ ತೀರಿಸ್ತೀನಿ ಮಾವ’ ಅಂತ ಮಾತು ಕೊಡಬೇಡಿ. ತಾವಾಗೇ ಉಪಕಾರ ಮಾಡಿದವರಿಗೆ ಅದರ ಬದಲು ಕೊಡುತ್ತೇನೆ ಅಂತ ಹೇಳಿದ ಮಾತು, ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಕಾನೂನಿನ ಕಟ್ಟಾಗಿಬಿಡಬಹುದು.

ಹೆಂಡತಿ ಹೆಸರು ಹೇಳಬೇಡಿ. ನಿಮ್ಮ ಐದು ನಿಮಿಷದ ಮುಜುಗರ ತಪ್ಪಿಸೋಕೆ ಅವರು ಇನ್ನು ಪ್ರತಿ ಹಬ್ಬ, ಪ್ರತಿ ಮದುವೆಯಲ್ಲೂ ‘ಸಂಬಂಧ ಕೆಡಿಸಿದವಳು’ ಆಗಬೇಕಾ? ಫೋನೂ ಬೇಡ. ಭಾನುವಾರ ಊರಿಗೆ ಹೋಗಿ, ಅತ್ತೆ ಕಾಫಿ ಕೊಟ್ಟು ಅಲ್ಲೇ ಕೂತಿರುವಾಗ ಹೇಳಿ: ‘ಮಾವ, ಜಾಮೀನು ನನ್ನ ಕೈಲಿ ಆಗಲ್ಲ. ನಿಮ್ಮ ಮಂಡಿ ಆಪರೇಷನ್ ನಾನು ಮಾಡಿಸ್ತೀನಿ, ದಿನ ಗೊತ್ತು ಮಾಡಿದ್ದೀನಿ.’ ಕಾರಣ ಉದ್ದ ಮಾಡಬೇಡಿ, ಉದ್ದವಾದಷ್ಟೂ ಚೌಕಾಸಿ ಶುರುವಾಗುತ್ತದೆ. ಮಾವ ಮುಖ ತಿರುಗಿಸಬಹುದು. ಆರು ತಿಂಗಳು ಮಾತು ಬಿಡಬಹುದು. ಅಮ್ಮ ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿ ಕಡೆ ತಿರುಗಿ ಕೂರಬಹುದು. ಆಪರೇಷನ್ ದಿನ ಮಾತ್ರ ರದ್ದು ಮಾಡಬೇಡಿ, ಹಿಂದಿನ ದಿನ ಕಾರು ತಗೊಂಡು ಅವರ ಬಾಗಿಲಿಗೆ ಹೋಗಿ.

ಭಾನುವಾರದವರೆಗೆ ಕಾಯಬಾರದ ಕೆಲಸ ಒಂದಿದೆ. ದಾಖಲೆ ಕಳಿಸಿಬಿಟ್ಟಿದ್ದೀರಿ. ಮಾವನ ಮಗನಿಗೆ ಇವತ್ತೇ ಫೋನ್ ಮಾಡಿ, ನಾನು ಜಾಮೀನು ಹಾಕುತ್ತಿಲ್ಲ ಅನ್ನಿ. ಯಾವ ಬ್ಯಾಂಕು, ಯಾವ ಶಾಖೆ ಅಂತ ಕೇಳಿಕೊಂಡು ಅವರಿಗೂ ಇದನ್ನೇ ಬರೆದು ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಈಗ ಸಹಿಗೆ ಪೆನ್ನೂ ಬೇಕಿಲ್ಲ, ಆಧಾರ್ ಒಟಿಪಿಯಲ್ಲೇ ಆಗಿಹೋಗುತ್ತದೆ. ‘ಒಂದು ನಂಬರ್ ಬಂದಿರುತ್ತೆ, ಹೇಳಿ ಭಾವ’ ಅಂತ ಅವನು ಕೇಳಿದರೆ ಹೇಳಬೇಡಿ.