ಏಜೆಂಟರು ತೋರಿಸಿದ ವಕೀಲರು ಸಾಕೇ?

ಮನೆ, ಜಾಗ, ಕಾಗದಪತ್ರ: ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ಸಿವಿಲ್ ವಕೀಲೆಯೊಬ್ಬರ ಉತ್ತರ

ಪ್ರಶ್ನೆ: ಅಕ್ಕನವರಿಗೆ ಶರಣು. ನಾನು ಸರ್ಕಾರಿ ಶಾಲೆ ಶಿಕ್ಷಕಿ. ನಮ್ಮ ಮನೆಯವರು ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾರೆ. ಸೇಡಂ ರಸ್ತೆ ಕಡೆ 30×40 ಜಾಗದಲ್ಲಿ ಕಟ್ಟಿದ ಮನೆಯೊಂದನ್ನು 46 ಲಕ್ಷಕ್ಕೆ ಮಾತಾಡಿದ್ದೇವೆ. ಏಜೆಂಟರು, "ನಮ್ಮ ವಕೀಲರು ಐದು ಸಾವಿರಕ್ಕ ಎಲ್ಲಾ ನೋಡಿ ರಜಿಸ್ಟ್ರಿ ಮಾಡಿಸಿ ಕೊಡ್ತಾರ್ರಿ. ಮ್ಯಾಲ ಬ್ಯಾಂಕಿನವರೂ ಚೆಕ್ ಮಾಡ್ತಾರ. ಬ್ಯಾರೆ ವಕೀಲರಿಗೆ ಯಾಕ ರೊಕ್ಕ ಹಾಕ್ತೀರಿ?" ಅನ್ನುತ್ತಾರೆ. ನನಗೇಕೋ ಧೈರ್ಯ ಬರುತ್ತಿಲ್ಲ. ನಾವು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಒಳ್ಳೆಯ ವಕೀಲರನ್ನು ಹುಡುಕುವುದು ಹೇಗೆ?
– ಒಬ್ಬ ಶಿಕ್ಷಕಿ, ಕಲಬುರಗಿ

ಉತ್ತರ: ತಂಗಿ, ನಿಮ್ಮ ಅಳುಕು ಸರಿಯಾದದ್ದೇ. ಬೇರೆ ವಕೀಲರನ್ನೇ ಇಟ್ಟುಕೊಳ್ಳಿ.

ಏಜೆಂಟರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ವ್ಯವಹಾರ ಮುಗಿದರೆ ಮಾತ್ರ ಅವರಿಗೆ ಕಮಿಷನ್. ಈ ಫೈಲು ಸಲೀಸಾಗಿ ದಾಟಿದರೆ ಮಾತ್ರ ಅವರ ವಕೀಲರಿಗೆ ಮುಂದಿನ ಫೈಲು. ನಿಮಗೆ ಬೇಕಾದವರು, ಕಾಗದ ನೋಡಿ "ಈ ಮನಿ ಬ್ಯಾಡವ್ವ, ಬಿಟ್ಟುಬಿಡು" ಎಂದು ಹೇಳಬಲ್ಲವರು. ಹಾಗೆ ಹೇಳಿದರೆ ಹೊಟ್ಟೆಪಾಡು ಹೋಗುವ ಜಾಗದಲ್ಲಿ ಕೂತವರ ಬಾಯಿಂದ ಆ ಮಾತು ಬರುವುದು ಕಷ್ಟ.

ಬ್ಯಾಂಕಿನ ವಕೀಲರು ಬರೆಯುವ ಲೀಗಲ್ ಒಪಿನಿಯನ್ ಬ್ಯಾಂಕಿಗಾಗಿ ಬರೆದದ್ದು. ಕೊಟ್ಟ ಸಾಲಕ್ಕೆ ಈ ಜಾಗ ಆಧಾರವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ನೀವು ಉಳಿತಾಯದಿಂದ ಹಾಕುವ ಹಣದ ಚಿಂತೆ ಅವರದ್ದಲ್ಲ. ನಾಳೆ ಜಾಗದ ಮೇಲೆ ತಕರಾರು ಬಂದರೂ ಕಂತು ನಿಮ್ಮ ಸಂಬಳದಿಂದಲೇ ಹೋಗುತ್ತಿರುತ್ತದೆ. ಇನ್ನು ಸಬ್ ರಿಜಿಸ್ಟ್ರಾರ್ ಕಚೇರಿ. "ರಜಿಸ್ಟ್ರಿ ಆಗ್ಯಾದ, ಇನ್ನೇನು ಭಯ?" ಎಂದು ನನ್ನ ಮುಂದೆ ಕೂತು ಕೇಳಿದವರ ಲೆಕ್ಕವಿಲ್ಲ. ಆ ಕಚೇರಿಯಲ್ಲಿ ಸ್ಟಾಂಪ್ ಶುಲ್ಕ ಸರಿಯಿದೆಯೇ, ಸಹಿ ಮಾಡುವವರು ಅವರೇ ಹೌದೇ, ಕೊಡಬೇಕಾದ ಕಾಗದ ಕೊಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಮಾರುವವರು ನಿಜವಾಗಿ ಮಾಲೀಕರೇ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ಬಾಂಡ್ ರೈಟರ್ ಕೂಡ ಹಾಗೆಯೇ. ಪತ್ರ ಚೆನ್ನಾಗಿ ಬರೆದುಕೊಡುತ್ತಾರೆ, ಅದರ ಹಿಂದಿನ ಹಕ್ಕಿನ ಹೊಣೆ ಹೊರುವುದಿಲ್ಲ.

ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ನಮ್ಮಪ್ಪ ಪೋಸ್ಟ್ ಆಫೀಸಿನಲ್ಲಿದ್ದರು. ನಿವೃತ್ತಿಯ ಹಣದಲ್ಲಿ ಆಳಂದ ರಸ್ತೆ ಕಡೆ ಒಂದು ಪ್ಲಾಟ್ ತೊಗೊಂಡರು. ಮಾರಿದವರ ವಕೀಲರೇ ನಮಗೂ ವಕೀಲರು. ನಾಲ್ಕು ವರ್ಷ ಕಳೆದ ಮೇಲೆ ಮಾರಿದವರ ತಂಗಿ ಪಾಲು ಕೇಳಿ ದಾವೆ ಹಾಕಿದರು. ಅವರ ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೂ ಹಕ್ಕಿತ್ತು, ಖರೀದಿ ಪತ್ರದಲ್ಲಿ ಆಕೆಯ ಸಹಿ ಇರಲಿಲ್ಲ. ಆ ಹೆಣ್ಣುಮಗಳ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ತನ್ನದನ್ನು ತಾನು ಕೇಳಿದಳು. ಪ್ರತಿ ತಾರೀಖಿಗೂ ಅಪ್ಪ ಬೆಳಿಗ್ಗೆಯೇ ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡು, ಅರಿವೆಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಸಂಜೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಾಗ "ಮುಂದಿನ ತಾರೀಖು ಕೊಟ್ಟಾರ" ಅಂದರೆ ಆ ದಿನದ ಮಾತು ಅಷ್ಟೇ. "ಮಾರುವವರಿಗೆ ಅಕ್ಕತಂಗಿಯರು ಎಷ್ಟು ಮಂದಿ?" ಎಂದು ಯಾರಾದರೂ ಒಬ್ಬರು ಮೊದಲೇ ಕೇಳಿದ್ದರೆ ಸಾಕಿತ್ತು.

ಆದ್ದರಿಂದ ವಕೀಲರನ್ನು ಆರಿಸುವಾಗ ನನ್ನ ಮೊದಲ ಸಲಹೆ: ಪಾರ್ಟಿಷನ್ (ಆಸ್ತಿ ಪಾಲಿನ) ದಾವೆ ನಡೆಸಿದವರನ್ನು ಹುಡುಕಿ. ಹಕ್ಕು ಎಲ್ಲಿ ಮುರಿಯುತ್ತದೆ ಎಂಬುದು ಮುರಿದದ್ದನ್ನು ಕಂಡವರಿಗೆ ಗೊತ್ತು. ಕ್ರಿಮಿನಲ್ ಕಡೆ ದೊಡ್ಡ ಹೆಸರು ಮಾಡಿದವರು ಈ ಕೆಲಸಕ್ಕೆ ಆಗಲೇಬೇಕೆಂದಿಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ, ಹಾಗಾಗಿ ಬೋರ್ಡು, ಪೋಸ್ಟರ್ ನೋಡಿ ಹುಡುಕುವ ದಾರಿಯೂ ಇಲ್ಲ. ನಿಮ್ಮ ಶಾಲೆಯ ಹಿರಿಯ ಶಿಕ್ಷಕರಲ್ಲಿ ಹತ್ತು ವರ್ಷದ ಹಿಂದೆ ಮನೆ ತೊಗೊಂಡು ನೆಮ್ಮದಿಯಿಂದ ಇರುವವರನ್ನು ಕೇಳಿ. ಎರಡು ಮೂರು ಹೆಸರು ಸಿಕ್ಕರೆ ಸಾಕು. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಭೇಟಿಯಾದಾಗ, "ಈ ಮನೆಗೆ ಯಾವ ಯಾವ ಕಾಗದ ನೋಡ್ತೀರಿ, ಸರ್?" ಎಂದು ಕೇಳಿ ಸುಮ್ಮನೆ ಕೂಡಿ. "ಇಸಿ, ಖಾತಾ ಇದ್ರ ಆತು" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುವುದು ನೋಂದಣಿ ಆದದ್ದಷ್ಟೇ. ಮನೆಯೊಳಗೆ ಬಾಯಿಮಾತಿನಲ್ಲಿ ಆದ ಪಾಲು, ನೋಂದಣಿಯಾಗದ ವಿಲ್, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಇಲ್ಲದೆಯೂ ಇರಬಹುದು. ಖಾತಾ ಇರುವುದು ತೆರಿಗೆಗೆ. ಈಗ ನಗರದ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು, ಆದರೂ ಅದೊಂದೇ ಮಾಲೀಕತ್ವದ ಪುರಾವೆಯಾಗದು.

ಒಳ್ಳೆಯ ವಕೀಲರು ನಿಮ್ಮನ್ನೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಆ ಜಾಗ ಮೊದಲು ಯಾವ ಸರ್ವೆ ನಂಬರಿನ ಹೊಲ? ಎನ್ಎ (ಹೊಲ ಕೃಷಿಯೇತರ ಜಾಗವಾಗಿ ಪರಿವರ್ತನೆ) ಆಗಿದೆಯೇ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆದ ಆದೇಶದ ಪ್ರತಿ ಎಲ್ಲಿ? ಲೇಔಟಿಗೆ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯೇ? ಹೊಲ ಸರ್ಕಾರ ಪರಿಶಿಷ್ಟರಿಗೆ ಕೊಟ್ಟದ್ದೇ? ಕೊಟ್ಟದ್ದಾದರೆ ಅಂತಹ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಅದರಡಿ ಜಮೀನು ವಾಪಸ್ ಕೇಳಲು ಕಾಲಮಿತಿಯೇ ಇಲ್ಲ ಎನ್ನುತ್ತದೆ 2023ರ ತಿದ್ದುಪಡಿ. ಇನಾಮು ಜಮೀನೇ, ವಕ್ಫ್ ಆಸ್ತಿಯೇ? ಮಾರುವವರ ವಂಶವೃಕ್ಷ ತನ್ನಿ. ಅಕ್ಕತಂಗಿಯರು ಸಹಿ ಮಾಡುತ್ತಾರೆಯೇ? 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲುದಾರಳು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. "ಆಕಿಗಿ ಮದಿವ್ಯಾಗ ಬಂಗಾರ ಕೊಟ್ಟೇವ್ರಿ, ಪಾಲು ಬರಂಗಿಲ್ಲ" ಎಂಬ ಮಾತು ಕಟ್ಟೆಯ ಮೇಲೆ ನಡೆದೀತು, ಕೋರ್ಟಿನಲ್ಲಿ ನಡೆಯದು.

ನಮ್ಮ ಭಾಗದ್ದೇ ಇನ್ನೊಂದು ಮಾತು. 1956ರ ನವೆಂಬರ್ 1ರ ತನಕ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಹಳೆಯ ಬೈನಾಮಾ (ಖರೀದಿ ಪತ್ರ), 1954–55ರ ಖಾಸ್ರಾ ಪಹಣಿ ಅಂತಹ ಕಾಗದ ಉರ್ದುವಿನಲ್ಲಿ ಸಿಗುವುದುಂಟು. ನನ್ನ ಸೀನಿಯರ್ ಹತ್ತಿರ ಒಬ್ಬ ಮುನ್ಷಿ ಚಾಚಾ ಇದ್ದರು. ಬ್ರಹ್ಮಪುರದ ಒಂದು ಮನೆಯ ಕಾಗದ, ಮಡಿಕೆ ಮಡಿಕೆಗೂ ಹರಿದದ್ದು, ಹಿಂದೆ ಗೋಂದಿನಿಂದ ಅರಿವೆ ಅಂಟಿಸಿದ್ದು. ಭೂತಗನ್ನಡಿ ಹಿಡಿದು ಸಾಲು ಸಾಲೇ ಓದುತ್ತಿದ್ದವರು ಒಂದು ಪದದ ಮೇಲೆ ಬೆರಳಿಟ್ಟು ನಿಂತರು. "ಬೇಟಿ, ಇದು ಬೈ ಅಲ್ಲ. ರೆಹನ್." ಮೂರು ತಲೆಮಾರು ಮಾರಾಟದ ಪತ್ರ ಎಂದು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದು ಅಡವಿನ ಪತ್ರ. ಅಂದಿನಿಂದ ಉರ್ದು ಕಾಗದ ಇದ್ದ ಫೈಲಿಗೆ ಅನುವಾದ ಇಲ್ಲದೆ ನಾನು ಸಹಿ ಹಾಕುವುದಿಲ್ಲ. ನಿಮ್ಮ ಫೈಲಿನಲ್ಲೂ ಅಂತಹ ಕಾಗದ ಬಂದರೆ, "ಇದನ್ನ ಯಾರು ಓದ್ತಾರ?" ಎಂದು ವಕೀಲರನ್ನು ಕೇಳಿ. "ಹಳೇದು ಬಿಡ್ರಿ" ಅಂದರೆ ಒಪ್ಪಬೇಡಿ.

ಮತ್ತೆರಡು ವಿಷಯ ನೇರವಾಗಿ ಕೇಳಿ. ಈ ಮಾರುವವರಿಗೆ ಅಥವಾ ಈ ಲೇಔಟಿನವರಿಗೆ ನೀವು ಹಿಂದೆ ಕೆಲಸ ಮಾಡಿಕೊಟ್ಟಿದ್ದೀರಾ? ಅಭಿಪ್ರಾಯವನ್ನು ನನ್ನ ಹೆಸರಿಗೆ, ನಿಮ್ಮ ಸಹಿ ಹಾಕಿ, ಬರಹದಲ್ಲಿ ಕೊಡುತ್ತೀರಾ? ಮೊದಲನೆಯದಕ್ಕೆ ಹೌದು ಎಂದರೆ, ಅಥವಾ ಎರಡನೆಯದಕ್ಕೆ ಇಲ್ಲ ಎಂದರೆ, ಬೇರೆಯವರನ್ನು ನೋಡಿ. ಬರಹದಲ್ಲಿ 30 ವರ್ಷದ ಹಕ್ಕಿನ ಸರಪಳಿ ಇರಬೇಕು: ಯಾರಿಂದ ಯಾರಿಗೆ, ಯಾವ ವರ್ಷ, ಯಾವ ದಸ್ತಾವೇಜು ಸಂಖ್ಯೆ. ಅಡ್ವಾನ್ಸ್ ಕೊಡುವ ಮೊದಲೇ ಇದು ಕೈಗೆ ಬರಲಿ. ಸ್ಥಳೀಯ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವವರಾದರೆ ಇನ್ನೂ ಒಳ್ಳೆಯದು. ಚಕ್ಕುಬಂದಿ (ಜಾಗದ ನಾಲ್ಕೂ ಕಡೆಯ ಗಡಿ) ಮಾತ್ರ ನೀವೇ ಟೇಪು ಹಿಡಿದು ಅಳೆದು ನೋಡಿ. ಪತ್ರದಲ್ಲಿ "ಪೂರ್ವಕ್ಕೆ 30 ಅಡಿ ರಸ್ತೆ" ಎಂದು ಬರೆದು, ಹೋಗಿ ನೋಡಿದರೆ ಆಟೋ ತಿರುಗದಷ್ಟು ಸಂದಿ ಇದ್ದದ್ದನ್ನು ಕಂಡಿದ್ದೇನೆ.

ಫೀ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಮೊದಲೇ ಬರೆಸಿಕೊಳ್ಳಿ. ವ್ಯವಹಾರ ಮುರಿದುಬಿದ್ದರೂ ಕೊಡಬೇಕಾದ ಫೀ ಅದು, ಕೊಡಿ. ಮನೆಯ ಬೆಲೆಯಲ್ಲಿ ಪರ್ಸೆಂಟೇಜ್ ಕೇಳುವವರಿಗೆ ನಾನಂತೂ ಯಾರನ್ನೂ ಕಳಿಸುವುದಿಲ್ಲ. 46 ಲಕ್ಷಕ್ಕೆ 5% ಸ್ಟಾಂಪ್ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ 2,57,600 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ, ಅದು 92,000. ಸರ್ಕಾರಕ್ಕೇ ಮೂರೂವರೆ ಲಕ್ಷ ಕಟ್ಟುವ ಮನೆಗೆ ವಕೀಲರ ಫೀಯಲ್ಲಿ ನಾಲ್ಕು ಕಾಸು ಉಳಿಸಲು ಹೋಗಬೇಡಿ, ತಂಗಿ.

ಪ್ರಶ್ನೆ: ಮೇಡಂ, ಮನೆ ಕೊಳ್ಳಲು ಒಬ್ಬ ವಕೀಲರ ಕೈಗೆ ಮಾರುವವರ ಅಸಲು ಕಾಗದಗಳನ್ನೆಲ್ಲ ಕೊಟ್ಟೆ. ಎರಡು ತಿಂಗಳಾಯಿತು, ಫೋನ್ ಎತ್ತುವುದಿಲ್ಲ. ಬೇರೆ ವಕೀಲರ ಹತ್ತಿರ ಹೋಗುತ್ತೇನೆಂದರೆ "ಪೂರ್ತಿ ಫೀ ಕೊಟ್ಟು ಕಾಗದ ಒಯ್ಯಿರಿ" ಎಂದು ಗುಮಾಸ್ತರಿಂದ ಹೇಳಿಸುತ್ತಾರೆ. ಮಾರುವವರು ನನ್ನ ಮೇಲೆ ಸಿಟ್ಟಾಗಿದ್ದಾರೆ.
– ಕಿರಾಣಿ ವ್ಯಾಪಾರಿ, ಯಾದಗಿರಿ

ಉತ್ತರ: ಅಣ್ಣಾರೇ, ಫೀ ಬಾಕಿಯಿದೆ ಎಂದು ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ಫೀ ಬೇಕಿದ್ದರೆ ಅದನ್ನು ವಸೂಲು ಮಾಡುವ ದಾರಿ ಬೇರೆ. ಕೊಟ್ಟ ಕಾಗದಗಳ ಪಟ್ಟಿ ಮಾಡಿ, "ಏಳು ದಿನದೊಳಗೆ ವಾಪಸ್ ಕೊಡಿ" ಎಂದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಅವರು ಮಾಡಿದ ಕೆಲಸಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಕೊಡಲು ಸಿದ್ಧ ಎಂದೂ ಬರೆಯಿರಿ. ಅದಕ್ಕೂ ಉತ್ತರ ಬಾರದಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, 1961ರ ವಕೀಲರ ಕಾಯ್ದೆಯ 35ನೇ ಕಲಂ ಇರುವುದು ಅದಕ್ಕೇ. ಮಾರುವವರಿಗೆ ನೀವೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಮುಚ್ಚಿಟ್ಟರೆ ಸಂಶಯ ಬೆಳೆಯುತ್ತದೆ. ಇನ್ನು ಮುಂದೆ ಪರಿಶೀಲನೆಗೆ ಜೆರಾಕ್ಸ್ ಮಾತ್ರ ಕೊಡಿ. ಅಸಲನ್ನು ಮಾರುವವರ ಎದುರಿಗೇ ತೋರಿಸಿ, ಅಲ್ಲೇ ವಾಪಸ್ ಅವರ ಕೈಗೆ ಕೊಡಿ.

ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಅಲ್ಲಿ ಮನೆ ಕೊಳ್ಳಲು 'ಸಾಲಿಸಿಟರ್' ಇಡಬೇಕಂತೆ, ಎಸ್ಟೇಟ್ ಏಜೆಂಟರೇ ಒಬ್ಬರನ್ನು ತೋರಿಸಿದ್ದಾರಂತೆ. ಒಪ್ಪಬಹುದೇ?
– ನಿವೃತ್ತ ನೌಕರ, ಬೀದರ

ಉತ್ತರ: ಕಾಕಾ, ನಾನು ಇಲ್ಲಿಯ ವಕೀಲೆ, ಅಲ್ಲಿಯ ಕೆಲಸ ಮಾಡಿದವಳಲ್ಲ. ಆದರೂ ಕೆಲವು ಮಾತು ಹೇಳಬಲ್ಲೆ. ಅಲ್ಲಿ ಈ ಕೆಲಸವನ್ನು ಸಾಲಿಸಿಟರ್ ಮಾಡಬಹುದು, ಇದಕ್ಕೆಂದೇ ಪರವಾನಗಿ ಪಡೆದ ಕನ್ವೇಯನ್ಸರ್ ಕೂಡ ಮಾಡಬಹುದು. ಇಬ್ಬರಿಗೂ ಬೇರೆ ಬೇರೆ ನಿಯಂತ್ರಣ ಸಂಸ್ಥೆಗಳಿವೆ, ಹೆಸರು ಹಾಕಿ ನೋಂದಣಿ ನೋಡಬಹುದು. ಏಜೆಂಟರು ತೋರಿಸಿದವರನ್ನೇ ಇಟ್ಟುಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಹಾಗೆ ಕಳಿಸಿದ್ದಕ್ಕೆ ಸಾಲಿಸಿಟರ್ ಏಜೆಂಟರಿಗೆ ಹಣ ಕೊಡುವುದಿದ್ದರೆ ಅದನ್ನು ನಿಮ್ಮ ಮಗಳಿಗೆ ತಿಳಿಸಬೇಕು. "ಎಷ್ಟು ಕೊಡ್ತೀರಿ?" ಎಂದು ಕೇಳಲು ಹೇಳಿ. ಇನ್ನೆರಡು ಕಡೆ ಬರಹದಲ್ಲಿ ದರ ಕೇಳಲಿ. ನಿಜವಾಗಿ ಫೈಲು ನೋಡುವವರು ಯಾರು, ರಜೆ ಹಾಕಿದಾಗ ಯಾರು ಎಂದೂ ಕೇಳಲಿ. ಅಲ್ಲಿ ಎರಡೂ ಕಡೆಯವರು ಕರಾರು ವಿನಿಮಯ ಮಾಡಿಕೊಳ್ಳುವ ತನಕ ಯಾರು ಬೇಕಾದರೂ ಹಿಂದೆ ಸರಿಯಬಹುದು. ವಿನಿಮಯವಾದ ಮೇಲೆ ಬಿಟ್ಟರೆ ಠೇವಣಿ, ಸಾಮಾನ್ಯವಾಗಿ ಬೆಲೆಯ 10%, ಕೈಬಿಡುತ್ತದೆ. ಫ್ಲ್ಯಾಟ್ ಆದರೆ ಬಹುಪಾಲು ಗುತ್ತಿಗೆಯದ್ದೇ (ಲೀಸ್), ಇನ್ನೆಷ್ಟು ವರ್ಷ ಉಳಿದಿದೆ ಎಂದು ಮೊದಲೇ ತಿಳಿದುಕೊಳ್ಳಲಿ. ಮತ್ತೆ, ಹಣ ಕಟ್ಟುವ ದಿನ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಇಮೇಲ್ ಬಂದರೆ ನಂಬಬಾರದು. ಮೊದಲ ದಿನವೇ ಬರೆದಿಟ್ಟುಕೊಂಡ ನಂಬರಿಗೆ ತಾನೇ ಫೋನ್ ಮಾಡಿ, ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿಸಿ ಕೇಳಿಕೊಂಡು ಆಮೇಲೆ ಕಳಿಸಲಿ.